ಎಕ್ಸ್‌ಆರ್‌ಎಫ್ ಕಲಿಯೋದು ಹೇಗೆ: ಬಿದ್ರಿ ಬಟ್ಟಲಿಂದ ದರಿಯಾ ದೌಲತ್ ಗೋಡೆವರೆಗೆ

ಒಡವೆ ಅಂಗಡಿಗೆ ಹಳೇ ಬಳೆ ತಗೊಂಡು ಹೋದ್ರೆ ಒಂದು ಡಬ್ಬಿ ಥರದ ಮೆಷಿನ್ ಒಳಗಿಟ್ಟು ಸ್ವಲ್ಪ ಹೊತ್ತಲ್ಲೇ ಇಷ್ಟು ಪರ್ಸೆಂಟ್ ಚಿನ್ನ, ಇಷ್ಟು ಬೆಳ್ಳಿ, ಇಷ್ಟು ತಾಮ್ರ ಅಂತ ಸ್ಕ್ರೀನ್ ಮೇಲೆ ತೋರಿಸ್ತಾರಲ್ಲ, ಅದೇ ಎಕ್ಸ್‌ಆರ್‌ಎಫ್. ಪೂರ್ತಿ ಹೆಸರು ಎಕ್ಸ್-ರೇ ಫ್ಲೋರೆಸೆನ್ಸ್. ಮ್ಯೂಸಿಯಂನಲ್ಲಿರೋ ವಿಗ್ರಹ, ಅಗೆದು ತೆಗೆದ ಮಣಿ, ದೇವಸ್ಥಾನದ ಚಾವಣಿ ಚಿತ್ರ, ಹಳೇ ನಾಣ್ಯ ಎಲ್ಲದಕ್ಕೂ ಇದನ್ನೇ ಬಳಸ್ತಾರೆ, ಯಾಕಂದ್ರೆ ಕೆರೆಯೋದು ಬೇಡ, ಚೂರು ಕೀಳೋದು ಬೇಡ, ಆ ಕ್ಷಣದಲ್ಲೇ ಉತ್ತರ ಕಾಣತ್ತೆ. ಆರ್ಕಿಯಾಲಜಿ ಅಥವಾ ಕನ್ಸರ್ವೇಷನ್ ಓದ್ತಿರೋರು, ಕೆಮಿಸ್ಟ್ರಿ ಓದಿ ಈ ಕಡೆ ಬರಬೇಕು ಅಂತಿರೋರು, ಮ್ಯೂಸಿಯಂನಲ್ಲಿ ಕೆಲಸ ಮಾಡೋರು, ಇವರೆಲ್ಲ ಶುರುವಿಂದ ಹೇಗೆ ಕಲೀಬಹುದು ಅಂತ ಒಂದೊಂದೇ ಹೆಜ್ಜೆಯಾಗಿ ಬರೀತೀನಿ.

ಒಂದು ಮಾತು ಈಗಲೇ ಹೇಳಿಬಿಡ್ತೀನಿ, ಉಳಿದಿದ್ದೆಲ್ಲ ಇದರ ಸುತ್ತನೇ ಇರತ್ತೆ: ಮೆಷಿನ್ ತೋರಿಸೋ ಪರ್ಸೆಂಟ್ ಓದೋದು ಎಕ್ಸ್‌ಆರ್‌ಎಫ್ ಕಲಿತಂತೆ ಅಲ್ಲ, ಸ್ಪೆಕ್ಟ್ರಮ್, ಅಂದ್ರೆ ಯಾವ ಶಕ್ತಿಯ ಎಕ್ಸ್-ರೇ ಎಷ್ಟು ಬಂತು ಅಂತ ತೋರಿಸೋ ಗ್ರಾಫ್, ಅದನ್ನ ಓದಕ್ಕೆ ಬಂದ್ರೆ ಮಾತ್ರ ಕಲಿತಂತೆ. ಆ ಗ್ರಾಫಲ್ಲಿ ಎದ್ದು ನಿಲ್ಲೋ ಮೊನೆಗಳೇ ಪೀಕ್. ಒಡವೆ ಅಂಗಡಿ ಮೆಷಿನ್ನು ಚಿನ್ನದ ಮಿಶ್ರಲೋಹಕ್ಕೆ ಅಂತಲೇ ಕ್ಯಾಲಿಬ್ರೇಟ್ ಆಗಿರತ್ತೆ, ಅದರೊಳಗೆ ಬಿದ್ರಿ (ಸತುವಿನ ಮೈಗೆ ಬೆಳ್ಳಿ ಕೂರಿಸೋ ಬೀದರ್ ಕಲೆ) ಡಬ್ಬಿ ಇಟ್ರೂ ಅದು ಏನೋ ಒಂದು ನಂಬರ್ ಕೊಟ್ಟೇ ಕೊಡತ್ತೆ, ನನಗೆ ಗೊತ್ತಿಲ್ಲ ಅಂತ ಯಾವತ್ತೂ ಹೇಳಲ್ಲ. ಆ ನಂಬರ್ ನಂಬಬಹುದಾ ಇಲ್ವಾ ಅಂತ ಹೇಳಬೇಕಾದವರು ನೀವು.

ಹೆಜ್ಜೆ 1: ಒಳಗೆ ಏನಾಗತ್ತೆ ಅಂತ ತಿಳ್ಕೊಳ್ಳಿ

ಫಿಸಿಕ್ಸ್ ಪೂರ್ತಿ ಬೇಡ, ಇಷ್ಟು ಸಾಕು. ಮೆಷಿನ್ ಒಳಗಿನ ಟ್ಯೂಬಿಂದ ಬಂದ ಎಕ್ಸ್-ರೇ ವಸ್ತುವಿನ ಪರಮಾಣುವಿಗೆ ಬಡಿದು ಒಳಗಿನ ಕವಚದ ಒಂದು ಎಲೆಕ್ಟ್ರಾನನ್ನ ಹೊರಗೆ ಹಾಕತ್ತೆ, ಖಾಲಿಯಾದ ಜಾಗಕ್ಕೆ ಮೇಲಿನ ಕವಚದಿಂದ ಇನ್ನೊಂದು ಎಲೆಕ್ಟ್ರಾನ್ ಇಳಿಯತ್ತೆ, ಇಳಿಯೋವಾಗ ಮಿಕ್ಕ ಶಕ್ತಿ ಇನ್ನೊಂದು ಎಕ್ಸ್-ರೇ ಆಗಿ ಹೊರಗೆ ಬರತ್ತೆ. ಈ ಶಕ್ತಿ ಒಂದೊಂದು ಧಾತುವಿಗೂ ಬೇರೆ ಬೇರೆ, ಅದಕ್ಕೇ ಅದನ್ನ ನೋಡಿ ಧಾತು ಯಾವುದು ಅಂತ ಹೇಳಬಹುದು. ಪರಮಾಣು ಸಂಖ್ಯೆಗೂ ಈ ಶಕ್ತಿಗೂ ಇರೋ ಲೆಕ್ಕಾಚಾರದ ಸಂಬಂಧ ಕಂಡುಹಿಡಿದಿದ್ದು ಹೆನ್ರಿ ಮೋಸ್ಲೆ, 1913ರಲ್ಲಿ. ಎರಡು ವರ್ಷ ಕಳೆಯೋದರೊಳಗೆ ಗಲಿಪೊಲಿ ಯುದ್ಧದಲ್ಲಿ 27ನೇ ವಯಸ್ಸಿಗೇ ತೀರಿಕೊಂಡ್ರು. ಇವತ್ತು ನಾವು ಟ್ರಿಗರ್ ಒತ್ತಿದಾಗ ಬರೋ ಪ್ರತಿ ಪೀಕ್ ಹಿಂದೆಯೂ ಅವರ ಕೆಲಸ ಇದೆ.

ಪರಮಾಣುವಿನ ಎಲ್ಲಕ್ಕಿಂತ ಒಳಗಿನ ಕವಚ ಕೆ, ಅದರ ಹೊರಗಿನದು ಎಲ್, ಆಮೇಲೆ ಎಂ. ಕೆ ಕವಚಕ್ಕೆ ಇಳಿದ್ರೆ ಕೆ ಗೆರೆಗಳು, ಎಲ್ ಕವಚಕ್ಕೆ ಇಳಿದ್ರೆ ಎಲ್ ಗೆರೆಗಳು. ಅವುಗಳಲ್ಲಿ ಮುಖ್ಯವಾದದ್ದು ಆಲ್ಫಾ, ಅದಕ್ಕಿಂತ ಸ್ವಲ್ಪ ಹೆಚ್ಚು ಶಕ್ತಿಯದ್ದು ಬೀಟಾ. ಕಬ್ಬಿಣ, ತಾಮ್ರ, ಸತು ಇಂಥವನ್ನ ಕೆ ಗೆರೆಯಲ್ಲಿ ನೋಡ್ತೀವಿ, ಸೀಸ, ಪಾದರಸ, ಚಿನ್ನದಂಥ ಭಾರದ ಧಾತುಗಳನ್ನ ಎಲ್ ಗೆರೆಯಲ್ಲಿ. ಕೆಲವು ಶಕ್ತಿಗಳು ಬಾಯಿಪಾಠ ಆಗಲೇಬೇಕು, ಎಲ್ಲಾ ಕೆಇವಿ (ಕಿಲೋ ಎಲೆಕ್ಟ್ರಾನ್ ವೋಲ್ಟ್, ಎಕ್ಸ್-ರೇ ಶಕ್ತಿಯ ಅಳತೆ) ಲೆಕ್ಕದಲ್ಲಿ: ಕ್ಯಾಲ್ಸಿಯಂ 3.69, ಕಬ್ಬಿಣ 6.40, ತಾಮ್ರ 8.05, ಸತು 8.64, ಬೆಳ್ಳಿ 22.16, ತವರ 25.27, ಇವೆಲ್ಲ ಕೆ-ಆಲ್ಫಾ. ಚಿನ್ನ 9.71, ಪಾದರಸ 9.99, ಸೀಸ 10.55, ಇವು ಎಲ್-ಆಲ್ಫಾ. ಸೀಸದ ಎಲ್-ಬೀಟಾ 12.61 ಅನ್ನೋದನ್ನೂ ಸೇರಿಸ್ಕೊಳ್ಳಿ, ಅದು ಎಷ್ಟು ಸಲ ಕಾಪಾಡತ್ತೆ ಅಂತ ಮುಂದೆ ಗೊತ್ತಾಗತ್ತೆ.

ಇನ್ನೊಂದು ವಿಷಯ ಆಳ. ಎಕ್ಸ್-ರೇ ವಸ್ತುವನ್ನ ತೂರಿ ಹೋಗತ್ತೆ ಅಂತ ಎಲ್ಲಾರೂ ಅಂದ್ಕೊಳ್ತಾರೆ, ಆದ್ರೆ ಇಲ್ಲಿ ಮುಖ್ಯ ಆಗೋದು ವಾಪಸ್ ಹೊರಗೆ ಬರೋ ಎಕ್ಸ್-ರೇ. ಲೋಹದಲ್ಲಿ ಅದು ಕೆಲವು ಹತ್ತು ಮೈಕ್ರಾನ್ ಆಳದಿಂದ ಮಾತ್ರ ಬರತ್ತೆ, ಮಣ್ಣು ಗಾಜಿನಲ್ಲಿ ಸಿಲಿಕಾನ್ ಥರದ ಹಗುರ ಧಾತು ಅದಕ್ಕಿಂತ ತೆಳು ಪದರದಿಂದ, ಜಿರ್ಕೋನಿಯಂ ಥರದ್ದು ಮಿಲಿಮೀಟರ್ ಲೆಕ್ಕದ ಆಳದಿಂದ. ಅಂದ್ರೆ ಒಂದೇ ಅಳತೆಯಲ್ಲಿ ಒಂದೊಂದು ಧಾತುವಿನ ಸುದ್ದಿ ಒಂದೊಂದು ಆಳದಿಂದ ಬರ್ತಿರತ್ತೆ. ಸೋಡಿಯಂಗಿಂತ ಹಗುರ ಇರೋ ಇಂಗಾಲ, ಆಮ್ಲಜನಕ, ಸಾರಜನಕ ಕೈಯಲ್ಲಿ ಹಿಡಿದು ಅಳೆಯೋ ಈ ಕೈಮೆಷಿನ್‌ಗಳಿಗೆ ಕಾಣೋದೇ ಇಲ್ಲ, ಹಾಗಾಗಿ ನೀಲಿ ಗಿಡದ ಬಣ್ಣ, ಅರಗು, ಅಂಟು, ಎಣ್ಣೆ, ದೀಪದ ಮಸಿ ಇವೆಲ್ಲ ಎಕ್ಸ್‌ಆರ್‌ಎಫ್ ಲೆಕ್ಕಕ್ಕೆ ಇಲ್ಲದಂತೆಯೇ.

ಹೆಜ್ಜೆ 2: ಪ್ರಶ್ನೆ ಬರ್ಕೊಳ್ಳಿ, ಆಮೇಲೆ ಮೆಷಿನ್ ಮುಟ್ಟಿ

"ಇದರಲ್ಲಿ ಏನೇನಿದೆ ನೋಡೋಣ" ಅಂತ ಹೊರಟ್ರೆ ನೂರಾರು ಸ್ಪೆಕ್ಟ್ರಮ್ ಸೇರತ್ತೆ, ಉತ್ತರ ಒಂದೂ ಸಿಗಲ್ಲ. ಪ್ರಶ್ನೆ ಹೀಗಿರಬೇಕು: ಈ ವಿಗ್ರಹದ ಕೈ ಆಮೇಲೆ ಎರಕ ಹೊಯ್ದು ಸೇರಿಸಿದ್ದಾ? ಈ ಚಿನ್ನದ ಲೇಪ ಪಾದರಸ ಹಾಕಿ ಮಾಡಿದ್ದಾ? ಮೈಸೂರು ಶೈಲಿ ಚಿತ್ರದಲ್ಲಿ ಉಬ್ಬಿರೋ ಜಾಗದ ಬಿಳಿ ಸೀಸದ್ದಾ ಸತುವಿನದಾ? ಈ ಪ್ರಶ್ನೆಗಳಿಗೆಲ್ಲ ಒಂದು ನೇರವಾದ ಉತ್ತರ ಇದೆ, ಯಾವ ಧಾತು ಹುಡುಕಬೇಕು ಅಂತ ಮೊದಲೇ ಗೊತ್ತಿದೆ, ಹಾಗಾಗಿ ಸೆಟ್ಟಿಂಗ್ ಏನಿರಬೇಕು ಅನ್ನೋದೂ ಅಲ್ಲೇ ತೀರ್ಮಾನ ಆಗತ್ತೆ. ಪಂಚಲೋಹದ ವಿಗ್ರಹದಲ್ಲಿ ಚಿನ್ನ ಬೆಳ್ಳಿ ಎಷ್ಟಿದೆ ಅಂತ ತುಂಬಾ ಜನ ಕೇಳ್ತಾರೆ. ಚೋಳರ ಕಾಲದ ಕಂಚುಗಳನ್ನ ಪರೀಕ್ಷೆ ಮಾಡಿದಾಗ ಕಂಡಿರೋದು ಮುಖ್ಯವಾಗಿ ತಾಮ್ರ, ತವರ, ಸೀಸ, ಚಿನ್ನ ಬೆಳ್ಳಿ ಇದ್ರೂ ತೀರಾ ಕಮ್ಮಿ. ಭಕ್ತರ ಮನಸ್ಸಿಗೆ ನೋವಾಗದ ಹಾಗೆ ಇದನ್ನ ಹೇಳೋದೂ ಈ ಕೆಲಸದ ಒಂದು ಭಾಗ.

ಹೆಜ್ಜೆ 3: ಅನುಮತಿ, ಸುರಕ್ಷತೆ

ನಮ್ಮ ದೇಶದಲ್ಲಿ ಎಕ್ಸ್-ರೇ ಹೊರಡಿಸೋ ಉಪಕರಣ ಅಟಾಮಿಕ್ ಎನರ್ಜಿ ರೆಗ್ಯುಲೇಟರಿ ಬೋರ್ಡ್ ನಿಯಮದ ಕೆಳಗೆ ಬರತ್ತೆ, ನೀವು ಕಲಿಯೋ ಸಂಸ್ಥೆಯಲ್ಲಿ ರೇಡಿಯೇಷನ್ ಸುರಕ್ಷತೆ ಯಾರು ನೋಡ್ಕೊಳ್ತಾರೋ ಅವರ ಹತ್ರ ಟ್ರೈನಿಂಗ್ ಮಾಡ್ಕೊಂಡೇ ಶುರು ಮಾಡಿ, ರೇಡಿಯೇಷನ್ ಅಳೆಯೋ ಬ್ಯಾಡ್ಜ್ ಹಾಕ್ಕೋಬೇಕು ಅಂದ್ರೆ ಹಾಕ್ಕೊಳ್ಳಿ. ಕೈಮೆಷಿನ್ ನೋಡಕ್ಕೆ ಡ್ರಿಲ್ ಥರ ಇರತ್ತೆ, ಅದಕ್ಕೇ ಜನ ಸಲೀಸಾಗಿ ತಗೊಳ್ತಾರೆ. ನಾಣ್ಯ, ಮಣಿಯಂಥ ಚಿಕ್ಕ ವಸ್ತುವನ್ನ ಬೆರಳಲ್ಲಿ ಹಿಡಿದು ಮೆಷಿನ್ ಮುಂದೆ ಒಡ್ಡೋದು ಖಂಡಿತ ಮಾಡಬಾರದು, ಸ್ಟ್ಯಾಂಡ್ ಇರತ್ತೆ, ಮುಚ್ಚಳ ಇರೋ ಸ್ಯಾಂಪಲ್ ಚೇಂಬರ್ ಇರತ್ತೆ, ಅದನ್ನೇ ಬಳಸಿ. ಬೀಮ್ ದಿಕ್ಕಲ್ಲಿ ಗೋಡೆ ಆಚೆ ಯಾರಿದ್ದಾರೆ ಅಂತಲೂ ನೋಡಿ, ತೆಳು ಮರದ ಹಲಗೆ ಮೇಲಿನ ಚಿತ್ರ ಆದ್ರೆ ಇದು ಇನ್ನೂ ಮುಖ್ಯ. ಸಾಮಾನ್ಯ ಜನರಿಗೆ ವರ್ಷಕ್ಕೆ 1 ಮಿಲಿಸೀವರ್ಟ್ ಮಿತಿ, ನಿಯಮ ಪಾಲಿಸಿದ್ರೆ ಅದರ ಹತ್ತಿರಕ್ಕೂ ಹೋಗಲ್ಲ.

ವಸ್ತುವಿನ ಅನುಮತಿ ಬೇರೆ ವಿಷಯ. 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ ನೂರು ವರ್ಷ ಮೀರಿದ ವಸ್ತು, 75 ವರ್ಷ ಮೀರಿದ ಮುಖ್ಯವಾದ ಹಸ್ತಪ್ರತಿ ಇವೆಲ್ಲ ಪ್ರಾಚ್ಯವಸ್ತು. ಎಎಸ್ಐ (ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆ) ಸ್ಮಾರಕ ಆದ್ರೆ ಎಎಸ್ಐ ಅನುಮತಿ, ರಾಜ್ಯ ಇಲಾಖೆದಾದ್ರೆ ಇಲಾಖೆದು, ದೇವಸ್ಥಾನ ಆದ್ರೆ ಅರ್ಚಕರು ಮತ್ತು ಆಡಳಿತ ಮಂಡಳಿ ಇಬ್ಬರದೂ ಒಪ್ಪಿಗೆ. ಮೆಷಿನ್ ಮೂತಿ ಬಣ್ಣದ ಪದರಕ್ಕೆ ತಗಲಬಾರದು, ಒಂದೆರಡು ಮಿಲಿಮೀಟರ್ ದೂರದಲ್ಲಿ ಟ್ರೈಪಾಡ್ ಮೇಲೆ ನಿಲ್ಲಿಸಿ. ಮುಟ್ಟದೇ ಇರೋ ತಂತ್ರ ಅಂತ ಹೇಳ್ಕೊಂಡು ಹೋಗಿ ಬಣ್ಣದ ಪುಡಿ ಉದುರಿಸಿ ಬಂದ್ರೆ ಮುಂದೆ ಬರೋರಿಗೂ ಬಾಗಿಲು ಮುಚ್ಚಿದ ಹಾಗೇ.

ಹೆಜ್ಜೆ 4: ಮೆಷಿನ್ ಎಲ್ಲಿ ಸಿಗತ್ತೆ

ಕೈಮೆಷಿನ್ ಬೆಲೆ ಲಕ್ಷಗಟ್ಟಲೆ, ಕಲಿಯೋಕೆ ಅಂತ ಯಾರೂ ಕೊಂಡ್ಕೊಳ್ಳಲ್ಲ. ವಿಶ್ವವಿದ್ಯಾಲಯಗಳ ಜಿಯಾಲಜಿ, ಮೆಟಲರ್ಜಿ ವಿಭಾಗಗಳಲ್ಲಿ ಕೇಳಿ. ಲಖನೌನಲ್ಲಿ ಸಾಂಸ್ಕೃತಿಕ ಆಸ್ತಿ ಸಂರಕ್ಷಣೆಗೆ ಅಂತಲೇ ಇರೋ ರಾಷ್ಟ್ರೀಯ ಸಂಶೋಧನಾ ಪ್ರಯೋಗಾಲಯ ಇದೆ, ಅದರ ಪ್ರಾದೇಶಿಕ ಲ್ಯಾಬ್ ನಮ್ಮ ಮೈಸೂರಲ್ಲೇ ಇದೆ. ಎಎಸ್ಐ ಸೈನ್ಸ್ ಬ್ರಾಂಚ್ ಇರೋದು ಡೆಹ್ರಾಡೂನ್‌ನಲ್ಲಿ. ಬೆಂಗಳೂರಿನ ನಿಯಾಸ್ (ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಅಡ್ವಾನ್ಸ್ಡ್ ಸ್ಟಡೀಸ್) ಸಂಸ್ಥೆಯಲ್ಲಿ ಪುರಾತನ ಲೋಹಗಳ ಬಗ್ಗೆ ಶಾರದಾ ಶ್ರೀನಿವಾಸನ್ ಅವರು ಮಾಡಿರೋ ಕೆಲಸ ದಕ್ಷಿಣ ಭಾರತದ ಕಂಚಿನ ವಿಗ್ರಹಗಳ ಬಗ್ಗೆ ಓದೋರು ದಾಟಿ ಹೋಗೋ ಹಾಗೇ ಇಲ್ಲ. ತುಂಬಾ ಚಿಕ್ಕ ಜಾಗ ನೋಡಬೇಕು ಅಂದ್ರೆ ಇಂದೋರ್‌ನ ಇಂಡಸ್-2 ಸಿಂಕ್ರೋಟ್ರಾನ್‌ನಲ್ಲಿ (ತುಂಬಾ ಜೋರಾದ ಎಕ್ಸ್-ರೇ ಕೊಡೋ ದೊಡ್ಡ ಯಂತ್ರ) ಮೈಕ್ರೋಪ್ರೋಬ್ ಎಕ್ಸ್‌ಆರ್‌ಎಫ್ ಬೀಮ್‌ಲೈನ್ ಇದೆ, ಆದ್ರೆ ಅದು ಕಲಿತ ಮೇಲಿನ ಮಾತು.

ಮೆಷಿನ್ ಸಿಗೋವರೆಗೂ ಸುಮ್ನೆ ಕೂರೋದೇನೂ ಬೇಡ. ಫ್ರಾನ್ಸ್‌ನ ಗ್ರೆನೋಬಲ್‌ನಲ್ಲಿರೋ ಇಎಸ್ಆರ್‌ಎಫ್ ಸಿಂಕ್ರೋಟ್ರಾನ್‌ನವರು ಮಾಡಿರೋ ಪೈಎಂಸಿಎ ಅನ್ನೋ ಸಾಫ್ಟ್‌ವೇರ್ ಫ್ರೀ, ಇನ್‌ಸ್ಟಾಲ್ ಮಾಡ್ಕೊಳ್ಳಿ, ಯಾರಾದ್ರೂ ಅಳತೆ ಮಾಡಿರೋ ಫೈಲ್ ಈಸ್ಕೊಂಡು ಪೀಕ್ ಗುರುತಿಸೋದು ಶುರು ಮಾಡಿ. ನಿಜವಾದ ಕಲಿಕೆ ಅರ್ಧಕ್ಕರ್ಧ ಇಲ್ಲೇ ಆಗೋದು.

ಹೆಜ್ಜೆ 5: ಜೇಬಲ್ಲಿರೋ ನಾಣ್ಯದಿಂದ ಅಭ್ಯಾಸ

ಏನಿದೆ ಅಂತ ಮೊದಲೇ ಗೊತ್ತಿರೋ ವಸ್ತುವಿಂದಲೇ ಶುರು ಮಾಡಬೇಕು, ಅದಕ್ಕೆ ನಾಣ್ಯದಷ್ಟು ಒಳ್ಳೇದು ಇನ್ನೊಂದಿಲ್ಲ. ಈಗ ಓಡಾಡ್ತಿರೋ ಹನ್ನೆರಡು ಮೂಲೆಯ 20 ರೂಪಾಯಿ ನಾಣ್ಯ ತಗೊಳ್ಳಿ. ಹೊರಗಿನ ಉಂಗುರ 65 ಪರ್ಸೆಂಟ್ ತಾಮ್ರ, 15 ಸತು, 20 ನಿಕಲ್. ಒಳಗಿನ ಬಿಲ್ಲೆ 75 ತಾಮ್ರ, 20 ಸತು, 5 ನಿಕಲ್. ಮೆಷಿನ್ 40 ಕಿಲೋವೋಲ್ಟ್‌ಗೆ ಇಟ್ಟು ಒಂದು ನಿಮಿಷ ಉಂಗುರ, ಒಂದು ನಿಮಿಷ ಬಿಲ್ಲೆ ಅಳೆದು ಎರಡೂ ಸ್ಪೆಕ್ಟ್ರಮ್ ಒಂದರ ಮೇಲೊಂದು ಹಾಕಿ ನೋಡಿ. ನಿಕಲ್ 7.48ರಲ್ಲಿ ಉಂಗುರದಲ್ಲಿ ಎದ್ದು ನಿಂತಿರತ್ತೆ, ಬಿಲ್ಲೆಯಲ್ಲಿ ಕುಗ್ಗಿರತ್ತೆ. ಆಮೇಲೆ ಕಣ್ಣು ಸ್ವಲ್ಪ ಬಲಕ್ಕೆ ತನ್ನಿ: ನಿಕಲ್‌ನ ಕೆ-ಬೀಟಾ 8.26 ಹೋಗಿ ತಾಮ್ರದ ಕೆ-ಆಲ್ಫಾ ಪಕ್ಕ ಅಂಟ್ಕೊಂಡಿರತ್ತೆ, ತಾಮ್ರದ ಕೆ-ಬೀಟಾ 8.90 ಸತುವಿನ ಕೆ-ಆಲ್ಫಾ ಮೈಮೇಲೇ ಬಿದ್ದಿರತ್ತೆ. ಅಂದ್ರೆ 8.7 ಹತ್ರ ಕಾಣೋ ಉಬ್ಬು ಪೂರ್ತಿ ಸತುವಲ್ಲ. ಸತು ನಿಜವಾಗಿ ಇದೆಯಾ ಅಂತ ಖಾತ್ರಿ ಮಾಡ್ಕೊಳ್ಳೋಕೆ ಅದರ ಕೆ-ಬೀಟಾ 9.57ರಲ್ಲಿ ನೋಡಬೇಕು. ಒಂದು ಧಾತು ಇದೆ ಅನ್ನೋಕೆ ಕನಿಷ್ಠ ಎರಡು ಗೆರೆ ಬೇಕು ಅನ್ನೋ ನಿಯಮ ಈ ಒಂದು ನಾಣ್ಯದಲ್ಲೇ ಮನಸ್ಸಿಗೆ ಇಳಿಯತ್ತೆ.

ಆಮೇಲೆ ಸ್ಟೇನ್‌ಲೆಸ್ ಸ್ಟೀಲ್‌ನ 2 ರೂಪಾಯಿ ನಾಣ್ಯ. ಕಬ್ಬಿಣ ಮತ್ತು ಕ್ರೋಮಿಯಂ. ಕ್ರೋಮಿಯಂ ಕೆ-ಬೀಟಾ 5.95, ಮ್ಯಾಂಗನೀಸ್ ಕೆ-ಆಲ್ಫಾ 5.90, ಮೆಷಿನ್ ಇವೆರಡನ್ನ ಬೇರೆ ಮಾಡಕ್ಕೆ ಒದ್ದಾಡೋದು ಕಾಣತ್ತೆ. ಮನೇಲಿ ಅಜ್ಜಿ ಕಾಲದ ರಾಜನ ತಲೆ ಇರೋ ರೂಪಾಯಿ ಇದ್ರೆ ಇನ್ನೂ ಒಳ್ಳೇದು. ಹಳೇ ಬ್ರಿಟಿಷ್ ರೂಪಾಯಿಗಳು 91.7 ಪರ್ಸೆಂಟ್ ಬೆಳ್ಳಿ, 1940ರಿಂದ 1945ರವರೆಗಿನವು 50 ಪರ್ಸೆಂಟ್ ಮಾತ್ರ, ಯುದ್ಧಕಾಲದಲ್ಲಿ ಬೆಳ್ಳಿ ಉಳಿಸಕ್ಕೆ ಹಾಗೆ ಮಾಡಿದ್ರು. ಮುಖದ ಮೇಲೆ ಒಂದು ಅಳತೆ, ತುಂಬಾ ಸವೆದ ಜಾಗದಲ್ಲಿ ಒಂದು ಅಳತೆ ತಗೊಂಡು ಹೋಲಿಸಿ. ಬೆಳ್ಳಿ ತಾಮ್ರದ ನಾಣ್ಯಗಳಲ್ಲಿ ಮೇಲ್ಮೈಯ ತಾಮ್ರ ಕರಗಿ ಹೋಗಿ ಬೆಳ್ಳಿ ಜಾಸ್ತಿ ಕಾಣೋದು ಸಾಮಾನ್ಯ, ಪುರಾತನ ನಾಣ್ಯದಲ್ಲಂತೂ ಇದೇ ದೊಡ್ಡ ತಲೆನೋವು.

ಹೆಜ್ಜೆ 6: ಇಲ್ಲದೇ ಇರೋದನ್ನ ಇದೆ ಅಂತ ತೋರಿಸೋ ಪೀಕ್‌ಗಳು

ಇದನ್ನ ಸರಿಯಾಗಿ ಕಲಿಯದೇ ಬರೆದ ರಿಪೋರ್ಟ್‌ಗಳು ಸುಮಾರಿವೆ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳ್ತೀನಿ.

ಮೊದಲನೇದು ಮೆಷಿನ್‌ದೇ ಪೀಕ್. ಟ್ಯೂಬ್ ರೋಡಿಯಂದಾದ್ರೆ 20.2 ಹತ್ರ ರೋಡಿಯಂ ಕಾಣತ್ತೆ, ಅದರ ಎಡಕ್ಕೆ ಅಗಲವಾದ ಕಾಂಪ್ಟನ್ ಉಬ್ಬು (ವಸ್ತುವಿಗೆ ಬಡಿದು ಸ್ವಲ್ಪ ಶಕ್ತಿ ಕಳ್ಕೊಂಡು ಚದುರಿದ ಎಕ್ಸ್-ರೇ) ಇರತ್ತೆ. 2.70ರಲ್ಲಿ ಅದರ ಎಲ್ ಗೆರೆ. ಗಾಳಿಯಲ್ಲಿರೋ ಆರ್ಗಾನ್ 2.96ರಲ್ಲಿ, ಬೆಳ್ಳಿಯ ಎಲ್ ಗೆರೆ 2.98ರಲ್ಲಿ, ಇವೆರಡೂ ಬೇರೆ ಮಾಡಕ್ಕಾಗಲ್ಲ, ಹಾಗಾಗಿ ಬೆಳ್ಳಿ ಅಂತ ಹೇಳಬೇಕಾದ್ರೆ 22.16 ಬೇಕೇ ಬೇಕು. ಪ್ರತಿ ದಿನ ಕೆಲಸ ಶುರು ಮಾಡೋ ಮುಂಚೆ ಶುದ್ಧ ಪ್ಲಾಸ್ಟಿಕ್ ತುಂಡೊಂದನ್ನ ಅಳೆದಿಟ್ಕೊಳ್ಳಿ, ಅದರಲ್ಲಿ ಕಾಣೋದೆಲ್ಲ ಮೆಷಿನ್‌ದು.

ಎರಡನೇದು ಎಸ್ಕೇಪ್ ಪೀಕ್. ಬರೋ ಎಕ್ಸ್-ರೇ ಹಿಡಿದು ಅಳೆಯೋ ಡಿಟೆಕ್ಟರ್ ಸಿಲಿಕಾನ್‌ದು, ಒಳಗೆ ಬಂದ ಎಕ್ಸ್-ರೇ ಅಲ್ಲಿನ ಸಿಲಿಕಾನನ್ನೇ ಹೊಳೆಸಿ 1.74 ಕೆಇವಿ ಕಳ್ಕೊಂಡ್ರೆ ದೊಡ್ಡ ಪೀಕ್‌ನ ಎಡಕ್ಕೆ ಒಂದು ಮರಿ ಪೀಕ್ ಹುಟ್ಟತ್ತೆ. ತಾಮ್ರ 8.05ರಿಂದ 1.74 ಕಳೆದ್ರೆ 6.31, ಕಬ್ಬಿಣದ 6.40ರ ಪಕ್ಕದಲ್ಲೇ. ಸತು 8.64ರಿಂದ ಕಳೆದ್ರೆ 6.90, ಕೋಬಾಲ್ಟ್ 6.93. ತಾಮ್ರದ ವಿಗ್ರಹದಲ್ಲಿ ಕಮ್ಮಿ ಕಬ್ಬಿಣ, ಹಿತ್ತಾಳೆಯಲ್ಲಿ ಕಮ್ಮಿ ಕೋಬಾಲ್ಟ್ ಕಂಡ್ರೆ ಮೊದಲು ಈ ಅನುಮಾನ ಬರಲಿ.

ಮೂರನೇದು ಸಮ್ ಪೀಕ್. ಎರಡು ಎಕ್ಸ್-ರೇ ಒಟ್ಟಿಗೆ ಒಳಗೆ ಬಂದ್ರೆ ಡಿಟೆಕ್ಟರ್ ಎರಡನ್ನೂ ಕೂಡಿಸಿ ಒಂದೇ ಅಂತ ಬರ್ಕೊಳ್ಳತ್ತೆ. ನಮ್ಮ ಕಡೆ ಗೋಡೆ ಚಿತ್ರಗಳು ಸುಣ್ಣದ ಗಾರೆ ಮೇಲಿರೋದರಿಂದ ಇದು ಜಾಸ್ತಿ ಕಾಡತ್ತೆ: ಕ್ಯಾಲ್ಸಿಯಂ 3.69ರ ಎರಡರಷ್ಟು 7.38, ನಿಕಲ್ 7.48. ಕಾವಿ ಬಣ್ಣದ ಜಾಗದಲ್ಲಿ ಕಬ್ಬಿಣ 6.40ರ ಎರಡರಷ್ಟು 12.80, ಸೀಸದ ಎಲ್-ಬೀಟಾ 12.61. ಪೀಕ್ ನಿಜಾನಾ ಅಂತ ತಿಳ್ಕೊಳ್ಳೋ ದಾರಿ ಸುಲಭ, ಟ್ಯೂಬಿನ ಕರೆಂಟ್ ಇಳಿಸಿ ಇನ್ನೊಂದು ಸಲ ಅಳೆಯಿರಿ, ಮಿಕ್ಕ ಪೀಕ್‌ಗಳಿಗಿಂತ ಅದು ಬೇಗ ಕುಗ್ಗಿದ್ರೆ ಸಮ್ ಪೀಕ್.

ಇನ್ನು ನಿಜವಾದ ಧಾತುಗಳೇ ಒಂದರ ಮೇಲೊಂದು ಕೂರೋದು. ಎಲ್ಲಕ್ಕಿಂತ ಹೆಚ್ಚು ಕಾಡೋದು ಸೀಸ ಮತ್ತು ಆರ್ಸೆನಿಕ್: ಸೀಸದ ಎಲ್-ಆಲ್ಫಾ 10.55, ಆರ್ಸೆನಿಕ್ ಕೆ-ಆಲ್ಫಾ 10.54. ಹರಿದಾಳ ಅಂದ್ರೆ ಆರ್ಸೆನಿಕ್, ಸಿಂಧೂರದ ಬಣ್ಣ ಅಂದ್ರೆ ಸೀಸ, ಎರಡೂ ನಮ್ಮ ಚಿತ್ರಕಾರರು ಬಳಸಿದವೇ. ಬಿಡಿಸೋದು ಹೀಗೆ: 12.61ರಲ್ಲಿ ಪೀಕ್ ಇದೆಯಾ, ಇದ್ರೆ ಸೀಸ ಇದೆ. 11.73ರಲ್ಲಿ ಇದೆಯಾ, ಇದ್ರೆ ಆರ್ಸೆನಿಕ್ ಇದೆ. 10.55ರ ಪೀಕನ್ನ ಮಾತ್ರ ನೋಡಿ ಯಾವುದನ್ನೂ ಹೇಳಬೇಡಿ. ಹಾಗೇ ಟೈಟಾನಿಯಂ 4.51 ಮತ್ತು ಬೇರಿಯಂ 4.47, ಗಂಧಕ 2.31 ಮತ್ತು ಸೀಸದ ಎಂ ಗೆರೆ 2.34. ಚಿನ್ನದ ಲೇಪದಲ್ಲಿ ಪಾದರಸ ಹುಡುಕೋವಾಗ ಎಲ್-ಆಲ್ಫಾ ಜೊತೆಗೆ ಎಲ್-ಬೀಟಾನೂ ನೋಡಿ, ಚಿನ್ನ 11.44, ಪಾದರಸ 11.82.

ಹೆಜ್ಜೆ 7: ಒಂದು ಬಿದ್ರಿ ಬಟ್ಟಲು ಪೂರ್ತಿಯಾಗಿ

ಲೋಹದ ಎಲ್ಲಾ ಪಾಠನೂ ಒಂದೇ ವಸ್ತುವಲ್ಲಿ ಸಿಗಬೇಕು ಅಂದ್ರೆ ಬೀದರ್‌ನ ಬಿದ್ರಿ ತಗೊಳ್ಳಿ, ಹೊಸದೇ ಇರಲಿ, ಪ್ರಾಚ್ಯವಸ್ತು ಬೇಡ. ಮೈ ಪೂರ್ತಿ ಸತು, ಅದರಲ್ಲಿ ಸ್ವಲ್ಪ ತಾಮ್ರ, ಕುಶಲಕರ್ಮಿಗಳು ಸಾಮಾನ್ಯವಾಗಿ ಹೇಳೋ ಲೆಕ್ಕ ಹದಿನಾರಕ್ಕೆ ಒಂದು. ಎರಕ ಹೊಯ್ದು, ಉಜ್ಜಿ, ಮೈಲುತುತ್ತದ ನೀರು ಹಚ್ಚಿ ತಾತ್ಕಾಲಿಕವಾಗಿ ಕಪ್ಪು ಮಾಡ್ಕೊಂಡು ಅದರ ಮೇಲೆ ಚಿತ್ರ ಕೊರೀತಾರೆ, ಕೊರೆದ ಜಾಗಕ್ಕೆ ಬೆಳ್ಳಿ ತಂತಿ ಅಥವಾ ತಗಡು ಬಡಿದು ಕೂರಿಸ್ತಾರೆ, ಕೊನೆಗೆ ಬೀದರ್ ಕೋಟೆಯ ಮಣ್ಣು, ನವಸಾಗರ (ಅಮೋನಿಯಂ ಕ್ಲೋರೈಡ್) ಕಲಸಿ ಬಿಸಿ ಮಾಡಿದ ಬಟ್ಟಲಿಗೆ ತಿಕ್ಕಿದ್ರೆ ಮೈ ಕಪ್ಪಾಗತ್ತೆ, ಬೆಳ್ಳಿ ಹಾಗೇ ಉಳಿಯತ್ತೆ. ಆ ಕಪ್ಪು ಬರೋಕೆ ಸತುವಿನ ಜೊತೆ ಇರೋ ಆ ಚೂರು ತಾಮ್ರ ಬೇಕು. ಎಷ್ಟು ತಲೆಮಾರಿನ ಬುದ್ಧಿ ಇದೆ ನೋಡಿ ಆ ಒಂದು ಪಾಲು ತಾಮ್ರದಲ್ಲಿ.

ಈಗ ಅಳತೆ. ಮೊದಲು ಬಟ್ಟಲಿನ ತಳದಲ್ಲಿ ಕಪ್ಪು ಹೋಗಿ ಲೋಹ ಕಾಣ್ತಿರೋ ಜಾಗ ಇದ್ರೆ ಅಲ್ಲಿ ಮೂರು ಅಳತೆ, ಆಮೇಲೆ ಕಪ್ಪು ಮೈ ಮೇಲೆ ಮೂರು. ಸತು 8.64, 9.57 ಎರಡೂ ಆಕಾಶಕ್ಕೆ ಏರಿರತ್ತೆ, ಅದರ ಎಡಕ್ಕೆ 8.05ರಲ್ಲಿ ತಾಮ್ರ ಚಿಕ್ಕದಾಗಿ. ಇಲ್ಲಿ ತಾಮ್ರದ ಕೆ-ಬೀಟಾ ಸತುವಿನ ಕೆಳಗೆ ಮುಚ್ಚಿ ಹೋಗಿರೋದರಿಂದ ಎರಡನೇ ಗೆರೆ ಕೇಳೋ ಹಾಗಿಲ್ಲ, ಹಾಗಾಗಿ ಸಾಫ್ಟ್‌ವೇರಲ್ಲಿ ಫಿಟ್ ಮಾಡಿದಾಗ 8.05ರಲ್ಲಿ ಅಳತೆಗೂ ಸಾಫ್ಟ್‌ವೇರ್ ಲೆಕ್ಕಕ್ಕೂ ವ್ಯತ್ಯಾಸ ಉಳಿಯದೆ ಸರಿ ಕೂತಿದೆಯಾ ಅಂತ ಕಣ್ಣಲ್ಲೇ ನೋಡಿ. 10.55 ಮತ್ತು 12.61ರಲ್ಲಿ ಸೀಸ ಇದೆಯಾ ನೋಡಿ. 6.90ರಲ್ಲಿ ಕೋಬಾಲ್ಟ್, 17.3ರಲ್ಲಿ ಮಾಲಿಬ್ಡಿನಂ ಅಂತ ಮೆಷಿನ್ ಹೇಳಿದ್ರೆ ಅದು ಸತುವಿನ ಎಸ್ಕೇಪ್ ಮತ್ತು ಸಮ್, ಎರಡನ್ನೂ ಪಟ್ಟಿಯಿಂದ ತೆಗೀರಿ. ತಳದ ತಾಮ್ರ–ಸತು ಅನುಪಾತಕ್ಕೂ ಕಪ್ಪು ಮೈಯ ಅನುಪಾತಕ್ಕೂ ಬರೋ ವ್ಯತ್ಯಾಸವೇ ನಿಮ್ಮ ಮೊದಲ ನಿಜವಾದ ಫಲಿತಾಂಶ, ಅದು ಮೇಲ್ಮೈಯ ಕಥೆ.

ನವಸಾಗರದ ಕ್ಲೋರಿನ್ ಕಪ್ಪು ಪದರದಲ್ಲಿ ಉಳಿದಿದೆಯಾ ಅಂತ ನೋಡೋ ಆಸೆ ಬರತ್ತೆ. ಕ್ಲೋರಿನ್ 2.62, ಟ್ಯೂಬಿನ ರೋಡಿಯಂ 2.70. ಸುಮ್ನೆ ಅಳೆದ್ರೆ ಪ್ರತಿ ವಸ್ತುವಲ್ಲೂ ಕ್ಲೋರಿನ್ ಇದೆ ಅನ್ಸತ್ತೆ. ವೋಲ್ಟೇಜ್ 15ಕ್ಕೆ ಇಳಿಸಿ, ಮೂತಿ ಹತ್ರ ಗಾಳಿ ಬದಲು ಹೀಲಿಯಂ ತುಂಬೋ ಸೌಲಭ್ಯ ಇದ್ರೆ ಹಾಕಿ, ಪ್ಲಾಸ್ಟಿಕ್ ತುಂಡಿನ ಸ್ಪೆಕ್ಟ್ರಮ್ ಜೊತೆ ಹೋಲಿಸಿ, ಆಗಲೂ ಸ್ಪಷ್ಟ ಆಗದಿದ್ರೆ ಗೊತ್ತಾಗಲಿಲ್ಲ ಅಂತಲೇ ಬರೀರಿ.

ಆಮೇಲೆ ಬೆಳ್ಳಿ. ಸಣ್ಣ ತಂತಿ ಕೆಲಸದ ಮೇಲೆ ಮೆಷಿನ್ ಇಟ್ರೆ ಬೆಳ್ಳಿ ಜೊತೆ ರಾಶಿ ಸತು ಬರತ್ತೆ. ಕುಶಲಕರ್ಮಿ ಬೆಳ್ಳಿಗೆ ಸತು ಬೆರೆಸಿದ್ದಾನೆ ಅಂತ ಬರೆದುಬಿಟ್ರೆ ಅದು ಅನ್ಯಾಯ. ಕೈಮೆಷಿನ್ ಬೀಮ್ ಅಗಲ 8 ಮಿಲಿಮೀಟರ್, ಬೀಮ್ ಕಿರಿದು ಮಾಡೋ ಕಾಲಿಮೇಟರ್ ಹಾಕಿದ್ರೆ 3 ಮಿಲಿಮೀಟರ್ ಇರಬಹುದು, ತಂತಿ ಅದಕ್ಕಿಂತ ಎಷ್ಟೋ ಸಣ್ಣದು, ಹಾಗಾಗಿ ಆ ಸತು ಪಕ್ಕದ ಕಪ್ಪು ಮೈಯಿಂದ ಬಂದಿದ್ದು. ಪರೀಕ್ಷೆ ಮಾಡೋಕೆ ಬಟ್ಟಲಲ್ಲಿ ಅಗಲವಾದ ತಗಡಿನ ಹೂವಿನ ದಳ ಹುಡುಕಿ, ಬೀಮ್ ಪೂರ್ತಿ ಅದರ ಮೇಲೇ ಬೀಳೋ ಹಾಗೆ ಇಡಿ. ಸತುವಿನ ಎಕ್ಸ್-ರೇ ಬೆಳ್ಳಿಯಲ್ಲಿ ಕೆಲವೇ ಮೈಕ್ರಾನ್‌ನಲ್ಲಿ ಅರ್ಧಕ್ಕೆ ಇಳಿದುಬಿಡತ್ತೆ, ಕೈಯಲ್ಲಿ ಬಡಿದು ಕೂರಿಸಿದ ತಗಡು ಅದಕ್ಕಿಂತ ಎಷ್ಟೋ ದಪ್ಪ, ಹಾಗಾಗಿ ದಳದ ಮೇಲೆ ಸತು ಹೆಚ್ಚುಕಮ್ಮಿ ಮಾಯ ಆಗಬೇಕು. ಮಾಯ ಆಗದೆ ಜೋರಾಗೇ ಬಂದ್ರೆ ಎರಡೇ ಕಾರಣ: ಬೀಮ್ ಅಂಚು ದಾಟಿದೆ, ಇಲ್ಲಾ ಅದು ತಗಡೇ ಅಲ್ಲ, ತೆಳು ಬೆಳ್ಳಿ ಲೇಪ. ಪೇಟೆಯಲ್ಲಿ ಅಸಲಿ ಬಿದ್ರಿ ಮತ್ತು ನಕಲು ಬೇರೆ ಮಾಡೋಕೆ ಇದು ತುಂಬಾ ಉಪಯೋಗಕ್ಕೆ ಬರೋ ಪರೀಕ್ಷೆ, 2006ರಲ್ಲಿ ಜಿಐ ಟ್ಯಾಗ್ ಸಿಕ್ಕಿರೋ ಕಲೆಗೆ ಇಂಥ ಬೆಂಬಲ ಬೇಕು ಅನ್ನೋದು ನನ್ನ ಅಭಿಪ್ರಾಯ.

ಇದೇ ಜಾಣ್ಮೆ ಬೇರೆ ಕಡೆನೂ ನಡೆಯತ್ತೆ. ಸೀಸ ಮೇಲಿದ್ಯಾ, ಇನ್ನೊಂದು ಪದರದ ಕೆಳಗಿದ್ಯಾ ಅಂತ ತಿಳಿಯೋಕೆ ಎಲ್-ಆಲ್ಫಾ, ಎಲ್-ಬೀಟಾ ಎತ್ತರ ಹೋಲಿಸಿ. ಕೆಳಗಿದ್ರೆ ಕಮ್ಮಿ ಶಕ್ತಿಯ ಆಲ್ಫಾ ಹೆಚ್ಚು ಹೀರಿಕೊಂಡು ಹೋಗಿರತ್ತೆ, ಬೀಟಾ ಅಷ್ಟು ಕುಗ್ಗಿರಲ್ಲ.

ಹೆಜ್ಜೆ 8: ಬಣ್ಣದ ಗೋಡೆ

ಚಿತ್ರದಲ್ಲಿ ಎಕ್ಸ್‌ಆರ್‌ಎಫ್ ಬಣ್ಣದ ಹೆಸರು ಹೇಳಲ್ಲ, ಧಾತು ಹೇಳತ್ತೆ, ಬಣ್ಣ ನೀವು ಊಹಿಸಬೇಕು. ಕೆಂಪಲ್ಲಿ ಪಾದರಸ ಬಂದ್ರೆ ಇಂಗಳೀಕ, ಸೀಸ ಮಾತ್ರ ಬಂದ್ರೆ ಸಿಂಧೂರ, ಕಬ್ಬಿಣ ಬಂದ್ರೆ ಕಾವಿ, ಏನೂ ಬರದಿದ್ರೆ ಅರಗಿನಂಥ ಜೈವಿಕ ಬಣ್ಣ ಇರಬಹುದು. ನೀಲಿಯಲ್ಲಿ ಏನೂ ಸಿಗದಿದ್ರೆ ಗಿಡದ ನೀಲಿನೂ ಆಗಬಹುದು, ಲಾಜವರ್ದ ಕಲ್ಲಿನ ನೀಲಿನೂ ಆಗಬಹುದು, ಯಾಕಂದ್ರೆ ಅದರ ಸೋಡಿಯಂ, ಅಲ್ಯೂಮಿನಿಯಂ, ಸಿಲಿಕಾನ್, ಗಂಧಕ ಗಾಳಿಯಲ್ಲಿ ಸರಿಯಾಗಿ ಕಾಣಲ್ಲ. ಇಲ್ಲಿ ಲೇಸರ್ ಬೆಳಕಲ್ಲಿ ಸಂಯುಕ್ತ ಯಾವುದು ಅಂತ ಗುರುತಿಸೋ ರಾಮನ್ ಸ್ಪೆಕ್ಟ್ರೋಸ್ಕೋಪಿ ಬೇಕು.

ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆ ಮೇಲೆ ಮನಸ್ಸಲ್ಲೇ ಅಭ್ಯಾಸ ಮಾಡಿ. 1784ರಲ್ಲಿ ಟಿಪ್ಪು ಕಟ್ಟಿಸಿದ್ದು, ಪೊಳ್ಳಿಲೂರು ಯುದ್ಧದ ಚಿತ್ರ ಗೋಡೆ ತುಂಬಾ ಇದೆ. 1799ರ ಮುತ್ತಿಗೆಗೆ ಮುಂಚೆ ಅಳಿಸಿದ್ರು, ಆಮೇಲೆ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಮತ್ತೆ ಮಾಡಿಸಿದ, ಮತ್ತೆ ಹಾಳಾಗಿ ಡಾಲ್‌ಹೌಸಿ ಕಾಲದಲ್ಲಿ 1855ರಲ್ಲಿ ಇನ್ನೊಮ್ಮೆ ಬರೆಸಿದ್ರು. ಈಗ ಯೋಚನೆ ಮಾಡಿ, ಹಳದಿ ಜಾಗದಲ್ಲಿ ಸೀಸದ ಜೊತೆ 5.41ರಲ್ಲಿ ಕ್ರೋಮಿಯಂ ಬಂದ್ರೆ? ಕ್ರೋಮಿಯಂ ಅನ್ನೋ ಧಾತುನೇ ಗೊತ್ತಾಗಿದ್ದು 1797ರಲ್ಲಿ, ಅಂದ್ರೆ ಆ ಹಳದಿ 1784ರದ್ದು ಆಗಿರೋಕೆ ಸಾಧ್ಯನೇ ಇಲ್ಲ. ಬಿಳಿಯಲ್ಲಿ ಸೀಸ ಇಲ್ಲದೆ ಸತು ಬಂದ್ರೆ 19ನೇ ಶತಮಾನದ ಕಡೆ ಬೆರಳು ತೋರಿಸತ್ತೆ, ಸತುವಿನ ಬಿಳಿ ನೀರುಬಣ್ಣವಾಗಿ ಇಂಗ್ಲೆಂಡ್‌ನಲ್ಲಿ ಮಾರಾಟಕ್ಕೆ ಬಂದಿದ್ದು 1834ರಲ್ಲಿ. ಟೈಟಾನಿಯಂ ಬಿಳಿ ಬಂದ್ರೆ 20ನೇ ಶತಮಾನದ ರಿಪೇರಿ, ಆದ್ರೆ ಮಣ್ಣಲ್ಲೂ ಕಾವಿಯಲ್ಲೂ ಸ್ವಲ್ಪ ಟೈಟಾನಿಯಂ ಇದ್ದೇ ಇರತ್ತೆ, ಹಾಗಾಗಿ ಬಿಳಿ ಜಾಗದಲ್ಲಿ ಜೋರಾಗಿ ಇದೆಯಾ ಅಂತ ನೋಡಬೇಕು, ಬೇರಿಯಂ ಜೊತೆ ಗೊಂದಲ ಆಗದ ಹಾಗೂ ನೋಡಬೇಕು. ಇನ್ನೊಂದು ಕಡೆಯ ಮಾತೂ ನೆನಪಿರಲಿ, ಕ್ರೋಮಿಯಂ ಸಿಗಲಿಲ್ಲ ಅಂದ ಮಾತ್ರಕ್ಕೆ ಅದು 1784ರದ್ದು ಅಂತ ಆಗಲ್ಲ.

ಚಿತ್ರದ ಕೆಲಸದಲ್ಲಿ ಪಕ್ಕದಲ್ಲೇ ಬಣ್ಣ ಇಲ್ಲದ ಗಾರೆಯನ್ನ ಅಳೆಯೋದು ತಪ್ಪಿಸಬೇಡಿ. ಎಕ್ಸ್-ರೇ ಎಲ್ಲಾ ಪದರನೂ ಒಟ್ಟಿಗೆ ಓದತ್ತೆ, ಗಾರೆಯಲ್ಲಿರೋ ಕಬ್ಬಿಣವನ್ನ ಬಣ್ಣದ ಲೆಕ್ಕಕ್ಕೆ ಹಾಕಿಬಿಡೋದು ತುಂಬಾ ಸುಲಭ.

ಒಂದೊಂದು ಬಿಂದು ಬಿಟ್ಟು ಪೂರ್ತಿ ಚಿತ್ರವನ್ನ ಸಾಲುಸಾಲಾಗಿ ಸ್ಕ್ಯಾನ್ ಮಾಡೋ ಮ್ಯಾಕ್ರೋ ಎಕ್ಸ್‌ಆರ್‌ಎಫ್ ಈಗ ದೊಡ್ಡ ಮ್ಯೂಸಿಯಂಗಳಲ್ಲಿದೆ. ವಾನ್ ಗೋ ಬರೆದ ಒಂದು ಹುಲ್ಲಿನ ಚಿತ್ರದ ಕೆಳಗೆ ಹೆಂಗಸಿನ ಮುಖ ಇರೋದನ್ನ 2008ರಲ್ಲಿ ಹ್ಯಾಂಬರ್ಗ್‌ನ ಸಿಂಕ್ರೋಟ್ರಾನ್‌ನಲ್ಲಿ ಆಂಟಿಮನಿ ಮತ್ತು ಪಾದರಸದ ನಕ್ಷೆ ಮಾಡಿ ತೋರಿಸಿದ್ರು. ಆಸೆ ಹುಟ್ಟಿಸೋ ಕೆಲಸ, ಆದ್ರೆ ಆ ನಕ್ಷೆಯ ಪ್ರತಿ ಚುಕ್ಕೆನೂ ಒಂದು ಸ್ಪೆಕ್ಟ್ರಮ್ಮೇ, 6ನೇ ಹೆಜ್ಜೆಯ ತೊಂದರೆಗಳೆಲ್ಲ ಅಲ್ಲೂ ಇವೆ.

ಮಡಿಕೆ, ಮಣ್ಣು, ಕಲ್ಲಿನ ಬಗ್ಗೆ ಚಿಕ್ಕದಾಗಿ: ಅಬ್ಸಿಡಿಯನ್ ಅನ್ನೋ ಜ್ವಾಲಾಮುಖಿ ಗಾಜಿನ ಮೂಲ ಹುಡುಕೋಕೆ ರುಬಿಡಿಯಂ, ಸ್ಟ್ರಾನ್ಷಿಯಂ, ಇಟ್ರಿಯಂ, ಜಿರ್ಕೋನಿಯಂ, ನಿಯೋಬಿಯಂ ಅದ್ಭುತವಾಗಿ ಕೆಲಸ ಮಾಡತ್ತೆ, ಯಾಕಂದ್ರೆ ಅದು ಒಳಗೂ ಹೊರಗೂ ಒಂದೇ ಥರ. ಮಡಿಕೆ ಹಾಗಲ್ಲ, ಒಳಗೆ ಮರಳಿನ ಕಾಳು, ಹೊರಗೆ ಲೇಪ, ಮೇಲೆ ಹೂತಿದ್ದ ಮಣ್ಣಿನ ಉಪ್ಪು. ಹೊಸದಾಗಿ ಮುರಿದ ಅಂಚು ಇದ್ರೆ ಅಲ್ಲಿ ಹಲವು ಅಳತೆ ತಗೊಂಡು ಗುಂಪಾಗಿ ಹೋಲಿಸಿ.

ಹೆಜ್ಜೆ 9: ಪರ್ಸೆಂಟ್ ಕೊಡಲೇಬೇಕು ಅಂದ್ರೆ

ಮೆಷಿನ್ ತನಗೆ ಕಂಡ ಧಾತುಗಳನ್ನೆಲ್ಲ ಕೂಡಿಸಿ ನೂರು ಮಾಡೋ ಹಾಗೆ ಲೆಕ್ಕ ಹಾಕತ್ತೆ. ಕಾಣದೇ ಇರೋ ಆಮ್ಲಜನಕ, ಇಂಗಾಲದ ಪಾಲೂ ಕಂಡವರಿಗೇ ಹಂಚಿಹೋಗತ್ತೆ. ಅದಕ್ಕೇ ಕಿಲುಬು ಹಿಡಿದ ಕಂಚಿನ ಮೇಲೆ ಪರ್ಸೆಂಟ್‌ಗೆ ಅರ್ಥ ಕಮ್ಮಿ, ಹೂತಿಟ್ಟ ಕಂಚಿನಲ್ಲಿ ತಾಮ್ರ ಕರಗಿ ಹೋಗಿ ತವರ ನಿಜಕ್ಕಿಂತ ಎಷ್ಟೋ ಜಾಸ್ತಿ ಕಾಣತ್ತೆ. ಶುದ್ಧ ಲೋಹ ಕಾಣೋ ಜಾಗ ಇಲ್ಲ ಅಂದ್ರೆ ಪರ್ಸೆಂಟ್ ಬರೀಬೇಡಿ, ಇದೆ ಇಲ್ಲ, ಹೆಚ್ಚು ಕಮ್ಮಿ ಅಂತ ಮಾತ್ರ ಬರೀರಿ.

ಬರೀಬಹುದಾದ ಜಾಗದಲ್ಲಿ ವಸ್ತುವಿಗೆ ಹತ್ತಿರ ಇರೋ ಸ್ಟ್ಯಾಂಡರ್ಡ್, ಅಂದ್ರೆ ಯಾವ ಧಾತು ಎಷ್ಟಿದೆ ಅಂತ ಖಚಿತವಾಗಿ ಗೊತ್ತಿರೋ ತುಂಡು, ಬೇಕು. ಪುರಾತನ ತಾಮ್ರದ ಮಿಶ್ರಲೋಹಕ್ಕೆ ಚಾರ್ಮ್ ಅನ್ನೋ ಸೆಟ್ ಇದೆ, ಹಳೇ ಗಾಜಿಗೆ ಕಾರ್ನಿಂಗ್ ಎ, ಬಿ, ಸಿ, ಡಿ ಗಾಜುಗಳಿವೆ. ಅವನ್ನ ನಿಮ್ಮ ಸೆಟ್ಟಿಂಗಲ್ಲೇ ಅಳೆದು, ಗೊತ್ತಿರೋ ಬೆಲೆಗೂ ನಿಮಗೆ ಬಂದಿದ್ದಕ್ಕೂ ಎಷ್ಟು ವ್ಯತ್ಯಾಸ ಅಂತ ಪಟ್ಟಿ ಮಾಡಿ, ಆ ವ್ಯತ್ಯಾಸವನ್ನ ಫಲಿತಾಂಶದ ಪಕ್ಕದಲ್ಲೇ ಹಾಕಿ. ಸ್ಟ್ಯಾಂಡರ್ಡ್ ಸಿಗದಿದ್ರೆ ಆ 20 ರೂಪಾಯಿ ನಾಣ್ಯನೇ ದಿನಾ ಬೆಳಗ್ಗೆ ಒಂದು ಸಲ ಅಳೆಯಿರಿ, ಮೆಷಿನ್ ನಿನ್ನೆ ಇದ್ದ ಹಾಗೇ ಇದೆಯಾ ಅಂತನಾದ್ರೂ ಗೊತ್ತಾಗತ್ತೆ.

ಹೆಜ್ಜೆ 10: ರಿಪೋರ್ಟ್

ಪ್ರತಿ ಅಳತೆಗೂ ಒಂದು ಫೋಟೋ, ಅದರ ಮೇಲೆ ಬಿಂದುವಿನ ನಂಬರ್. ಕಿಲೋವೋಲ್ಟ್, ಮೈಕ್ರೋಆಂಪ್, ಫಿಲ್ಟರ್, ಎಷ್ಟು ಸೆಕೆಂಡ್, ಬೀಮ್ ಅಗಲ, ಗಾಳಿನಾ ಹೀಲಿಯಂನಾ, ಇವು ಇಲ್ಲದ ಸ್ಪೆಕ್ಟ್ರಮ್‌ನ ಇನ್ನೊಬ್ಬರು ಉಪಯೋಗಿಸೋಕೆ ಆಗಲ್ಲ. ವಾಕ್ಯನೂ ಹುಷಾರಾಗಿ ಬರೀರಿ. "ಕೆಂಪು ಬಣ್ಣ ಇಂಗಳೀಕ" ಅಂತಲ್ಲ, "3ನೇ ಬಿಂದುವಿನಲ್ಲಿ ಪಾದರಸದ ಎಲ್-ಆಲ್ಫಾ, ಎಲ್-ಬೀಟಾ ಎರಡೂ ಕಂಡಿವೆ, ಇದು ಇಂಗಳೀಕಕ್ಕೆ ಹೊಂದುತ್ತದೆ, ಪಕ್ಕದ ಗಾರೆಯಲ್ಲಿ ಪಾದರಸ ಕಂಡಿಲ್ಲ" ಅಂತ. ಕಾಣದೇ ಇದ್ದ ಧಾತುವಿಗೆ "ಇಲ್ಲ" ಅನ್ನೋ ಬದಲು "ಈ ಸೆಟ್ಟಿಂಗ್‌ನಲ್ಲಿ ಕಂಡಿಲ್ಲ" ಅನ್ನಿ. ಮೆಷಿನ್ ಕಂಪನಿಯ ಸಾಫ್ಟ್‌ವೇರ್ ಫೈಲ್ ಜೊತೆಗೆ ಎಲ್ಲಾ ಕಡೆ ತೆರೆಯೋ ಟೆಕ್ಸ್ಟ್ ಫೈಲಾಗಿನೂ ಕಚ್ಚಾ ಸ್ಪೆಕ್ಟ್ರಮ್ ಉಳಿಸಿ, ಅದರ ಒಂದು ಪ್ರತಿ ವಸ್ತು ಯಾರದೋ ಆ ಮ್ಯೂಸಿಯಂಗೆ ಅಥವಾ ದೇವಸ್ಥಾನಕ್ಕೆ ಕೊಟ್ಟು ಬನ್ನಿ.